ನಾಯಿಮರಿ ಬಂದವರ ಮೇಲೆ ಹಾರದಂತೆ ಕಲಿಸುವುದು ಹೇಗೆ?

ನಮ್ಮ ಮನೆಗೆ ಬಂದವರು ಜಗಲಿಯಲ್ಲಿ ಕಾಫಿ ಕುಡಿಯುತ್ತಾ, ಕಂಬದ ಬಳಿ ಗೋಣಿತಾಟಿನ ಮೇಲೆ ಸುಮ್ಮನೆ ಮಲಗಿರುವ ನಮ್ಮ ನಾಯಿ ಕೆಂಚನನ್ನು ನೋಡಿ ತಪ್ಪದೆ ಕೇಳುವ ಮಾತೊಂದಿದೆ: "ನಮ್ಮ ಮರಿ ಯಾರು ಬಂದರೂ ಮೈಮೇಲೆ ಹಾರುತ್ತದೆ. ಇದಕ್ಕೆ ಹೇಗೆ ಕಲಿಸಿದಿರಿ?" ಮರಿಗಿಂತ ಮೊದಲು ಮನೆಯವರಿಗೂ ಬಂದವರಿಗೂ ಕಲಿಸಬೇಕಾಯಿತು ಎಂಬುದೇ ನನ್ನ ಉತ್ತರ.

ಮರಿ ಹಾರುವುದು ಕೆಟ್ಟ ಬುದ್ಧಿಯಿಂದಲ್ಲ. ಮರಿಗಳು ದೊಡ್ಡ ನಾಯಿಯ ಬಾಯಿ ನೆಕ್ಕಿ ತಮ್ಮ ಪ್ರೀತಿ ತೋರುತ್ತವೆ; ನಮ್ಮ ಮುಖ ಎತ್ತರದಲ್ಲಿರುವುದರಿಂದ ಹಿಂಗಾಲಿನ ಮೇಲೆ ನಿಂತು ಅಲ್ಲಿಗೆ ತಲುಪಲು ನೋಡುತ್ತವೆ. ಎರಡು ತಿಂಗಳ ಮರಿ ಹಾರಿದಾಗ ಎತ್ತಿ ಮುದ್ದಾಡಿದವರೇ, ಅದು ಎಂಟು ತಿಂಗಳಾಗಿ ಮಳೆಗಾಲದ ಕೆಸರುಗಾಲಿನಲ್ಲಿ ಹಾರಿದಾಗ ಹೊಡೆಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡು ನೊಂದಿದ್ದೇನೆ. ಕೂಗಿ, ಕೈಯಿಂದ ತಳ್ಳಿದರೂ ಪ್ರಯೋಜನವಿಲ್ಲ, ಏಕೆಂದರೆ ಮರಿಗೆ ಅದೂ ಆಟವೇ.

ಆದ್ದರಿಂದ ನಾವು ಮಾಡಿದ್ದು ಇಷ್ಟು. ಗೇಟಿನ ಸದ್ದು ಕೇಳಿದೊಡನೆ ಕೆಂಚನ ಕೊರಳಪಟ್ಟಿಗೆ ಹಗ್ಗ ಹಾಕಿ ನಮ್ಮಲ್ಲೊಬ್ಬರು ಹಿಡಿದುಕೊಳ್ಳುತ್ತಿದ್ದೆವು. ಬಂದವರು ಹತ್ತಿರ ಬರುವಾಗ ಅದರ ಮುಂಗಾಲು ನೆಲ ಬಿಟ್ಟರೆ ಅವರು ಮಾತಾಡದೆ, ಕಣ್ಣಿಗೆ ಕಣ್ಣು ಕೊಡದೆ ತಿರುಗಿ ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಾಲ್ಕೂ ಕಾಲು ನೆಲದಲ್ಲಿದ್ದರೆ ಬಗ್ಗಿ ಎದೆಯ ಭಾಗವನ್ನು ಸವರಬೇಕು. ಕುಳಿತುಕೊಂಡರೆ ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರು, ಅದೂ ಕಡಲೆಕಾಳಿನಷ್ಟು. ಮೊದಲ ಕೆಲವು ದಿನ ಹಾರಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು. ಇಷ್ಟು ದಿನ ಫಲಿಸಿದ ಉಪಾಯ ಈಗ ಫಲಿಸದಿದ್ದಾಗ ಮರಿ ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ, ಹೆಚ್ಚಿನವರು ಕೈಬಿಡುವುದೂ ಆಗಲೇ. ಹತ್ತು ಜನರಲ್ಲಿ ಒಬ್ಬರು "ಪರವಾಗಿಲ್ಲ, ನನಗೆ ನಾಯಿ ಇಷ್ಟ" ಎಂದು ಹಾರಿದ ಮರಿಯನ್ನು ಅಪ್ಪಿಕೊಂಡರೂ ಸಾಕು, ಎಂದೋ ಒಮ್ಮೆ ಸಿಗುವ ಆ ಅಪ್ಪುಗೆಗಾಗಿ ಅದು ಎಲ್ಲರ ಮೇಲೂ ಹಾರುತ್ತದೆ. ಮಾತಿನ ವಿಷಯದಲ್ಲೂ ಹಾಗೆಯೇ. ನಮ್ಮ ಮನೆಯಲ್ಲಿ ಕೊಡವ ತಕ್ಕ್, ಕನ್ನಡ, ಇಂಗ್ಲಿಷ್ ಮೂರೂ ಓಡಾಡುವುದರಿಂದ, ಎಲ್ಲರೂ "ಸಿಟ್" ಎಂದೇ ಹೇಳಬೇಕೆಂದು ತೀರ್ಮಾನಿಸಿಕೊಂಡೆವು.

ನಮ್ಮ ಹಿರಿಯರು ಕೊಡವ ರೀತಿಯಲ್ಲಿ ನೆರಿಗೆಯನ್ನು ಹಿಂದಕ್ಕೆ ಬಿಟ್ಟು ಸೀರೆ ಉಡುತ್ತಾರೆ. ನಡೆಯುವಾಗ ಅಲ್ಲಾಡುವ ಆ ನೆರಿಗೆಯನ್ನು ಕೆಂಚ ಹಿಂದಿನಿಂದ ಕಚ್ಚಿ ಎಳೆದು, ನನ್ನ ಸೋದರತ್ತೆ ಮೆಟ್ಟಿಲಲ್ಲಿ ಮುಗ್ಗರಿಸಿದ ದಿನವನ್ನು ನಾನು ಮರೆತಿಲ್ಲ. ಅಂದಿನಿಂದ ಗಂಟು ಹಾಕಿದ ಹತ್ತಿಹಗ್ಗವೊಂದನ್ನು ಜಗಲಿಯಲ್ಲೇ ಇಟ್ಟು, ಹಿರಿಯರು ಬಂದಾಗ ಅದನ್ನು ಅದರ ಬಾಯಿಗೆ ಕೊಡುವುದು ರೂಢಿಯಾಯಿತು.

ಕೆಂಚ ಜೂನ್ ತಿಂಗಳ ಮಳೆಯಲ್ಲಿ ಬಂದವನು. ಮರಿ ಹೊಸ ಮುಖಗಳಿಗೆ ಸುಲಭವಾಗಿ ಒಗ್ಗುವುದು ಸುಮಾರು 3ರಿಂದ 14 ವಾರಗಳ ವಯಸ್ಸಿನಲ್ಲಿ, ಆದರೆ ನಮ್ಮ ಕಡೆ ಆ ದಿನಗಳಲ್ಲಿ ಬರುವವರೇ ಕಡಿಮೆ. ಬಂದವರೂ ತಲೆಮುಚ್ಚುವ ರೈನ್‌ಕೋಟು, ಗಂಬೂಟು, ಕೊಡೆಯೊಂದಿಗೆ ಮರಿಯ ಕಣ್ಣಿಗೆ ಮನುಷ್ಯರಂತೆ ಕಾಣುವುದಿಲ್ಲ. ಹಾಗಾಗಿ ನಾವೇ ರೈನ್‌ಕೋಟು ತೊಟ್ಟು, ದೂರದಲ್ಲಿ ಕೊಡೆ ಬಿಚ್ಚಿ, ಪ್ರತಿ ಬಾರಿಯೂ ತಿನ್ನಲು ಕೊಟ್ಟು ಅಭ್ಯಾಸ ಮಾಡಿಸಿದೆವು.

"ಹೀಗೆ ಸಾಧು ಮಾಡಿದರೆ ತೋಟ ಕಾಯುವವರು ಯಾರು?" ಎಂದು ಕೇಳುವವರಿದ್ದಾರೆ. ಅಪರಿಚಿತರು ಗೇಟಿಗೆ ಬಂದರೆ ಕೆಂಚ ಇಂದಿಗೂ ಬೊಗಳುತ್ತಾನೆ. ನಾವು ಹೋಗಿ ಮಾತಾಡಿಸಿದ ಮೇಲೆ ನಿಲ್ಲಿಸುತ್ತಾನೆ. ಹಗಲೆಲ್ಲ ಹಿತ್ತಲಲ್ಲಿ ಸರಪಳಿ ಹಾಕಿಟ್ಟ ಮರಿ ಬಂದವರನ್ನು ಹತ್ತಿರದಿಂದ ಕಾಣದೆಯೇ ಬೆಳೆದು, ಬಿಟ್ಟ ದಿನ ಹೆದರಿಕೆಯಿಂದ ಕಚ್ಚುತ್ತದೆ. ಗುರುಗುಟ್ಟಿದರೆ ಮಾತ್ರ ದಯವಿಟ್ಟು ಗದರಬೇಡಿ, ಅದನ್ನು ದೂರ ಕರೆದೊಯ್ಯಿರಿ. ಎಚ್ಚರಿಕೆ ಕೊಡಲು ಹೆದರುವ ನಾಯಿ ಮುಂದೊಮ್ಮೆ ಸದ್ದಿಲ್ಲದೆ ಬಾಯಿ ಹಾಕಬಹುದು. ಮರಿಯೇ ಆದರೂ ಹಲ್ಲು ತಾಗಿ ಗಾಯವಾದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳಿಗೆ ಮರಿಗೆ ರೇಬೀಸ್ ಲಸಿಕೆ ಹಾಕಿಸಿರಬೇಕು.

ಬಂದವರಿಗೆ ಇನ್ನೊಂದು ವಿನಂತಿ: ಮಡಿಕೇರಿಯಿಂದ ತಂದ ಚಾಕೊಲೇಟನ್ನು ಪ್ರೀತಿಯಿಂದಲೂ ಮರಿಗೆ ಕೊಡಬೇಡಿ, ಅದು ನಾಯಿಗೆ ವಿಷ. ಪಂದಿಕರಿಯ (ಹಂದಿಮಾಂಸದ ಸಾರಿನ) ಬೆಂದ ಮೂಳೆಯೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಮನೆ ತುಂಬ ನೆಂಟರು, ಕದಿರು ತೆಗೆಯುವಾಗ ಗುಂಡಿನ ಸದ್ದು. ಆ ದಿನ ಮರಿಯಿಂದ ಯಾವ ಶಿಸ್ತನ್ನೂ ನಿರೀಕ್ಷಿಸದೆ, ಸಂಜೆಯೇ ಊಟ ಕೊಟ್ಟು, ಒಳಕೋಣೆಯಲ್ಲಿ ಅದರ ಗೋಣಿತಾಟು ಹಾಸಿ ಬಾಗಿಲು ಹಾಕಿ, ಮನೆಯವರಲ್ಲೊಬ್ಬರು ಜೊತೆಗೆ ಕುಳಿತುಕೊಳ್ಳುತ್ತೇವೆ.