ಕಾರ್ಡಿಗೆ ಅರ ಹಾಕಬ್ಯಾಡ್ರಿ

14 ಜುಲೈ 2024, ರವಿವಾರ
ಟಿಳಕವಾಡಿ, ಬೆಳಗಾವಿ

ಉದ್ಯಮಬಾಗ್ ಕಾಕಾನ ಕಂಪ್ಯೂಟರಿನ ಕೆಲಸ ಇವತ್ತ ಒಂದು ಹಂತಕ್ಕ ಬಂತು. ಹೊರಗ ಮಳಿ ಬಿಡವಲ್ದು, ಮನ್ಯಾಗ ಅರಬಿ ಒಣಗವಲ್ವು, ಅದರ ನಡು ನಾನು ಹಳೇ ಪೆಂಟಿಯಂ ತ್ರೀ ಬಿಚ್ಚಿಕೊಂಡು ಕುಂತಿದ್ದೆ. ಇಂಥಾ ಬೋರ್ಡ್ ರಿಪೇರಿ ಮಾಡೋರು ಊರಾಗ ಕಮ್ಮಿ ಆಗ್ಯಾರ, ಹಿಂಗಾಗಿ ಏನೇನ್ ಆತು ಅಂತ ಬರದ ಇಡ್ತೀನಿ, ಯಾರಿಗರ ಉಪಯೋಗಕ್ಕ ಬಂದೀತು.

ಕಾಕಾನ ಶೆಡ್ಡಿನ್ಯಾಗ ಪಂಪಿನ ಇಂಪೆಲ್ಲರ್ ಬ್ಯಾಲೆನ್ಸ್ ಮಾಡೋ ಮಷೀನ್ ಐತಿ. ಮಷೀನ್ ಗಟ್ಟಿಮುಟ್ಟ ಐತಿ, ಆದ್ರ ಅದರ ಸೆನ್ಸರ್ ಓದೋದು ಒಂದು ಉದ್ದನ್ನ ಐಎಸ್‌ಎ ಕಾರ್ಡ್ (ಐಎಸ್‌ಎ ಅಂದ್ರ ಬೋರ್ಡಿಗೆ ಕಾರ್ಡ್ ಜೋಡಿಸೋ ಹಳೇ ಕಾಲದ ಸ್ಲಾಟಿನ ನಮೂನಿ), ಆ ಕಾರ್ಡ್ ಕೂಡ ಮಾತಾಡೋದು ಒಂದು ಡಾಸ್ ಪ್ರೋಗ್ರಾಮ್. ಹೊಸಾ ಕಂಪ್ಯೂಟರ್ ತಗೋರಿ ಅಂತ ನೋಡಿದವರೆಲ್ಲಾ ಹೇಳಿ ಹೋಗ್ತಾರ, ಹೇಳಾಕ ಏನು, ಐಎಸ್‌ಎ ಸ್ಲಾಟ್ ಎಲ್ಲಿಂದ ತರೋದು? ಇಂಟೆಲ್‌ನವ್ರು 1999ರ 810 ಚಿಪ್‌ಸೆಟ್‌ನ್ಯಾಗನ (ಬೋರ್ಡಿನ ಭಾಗ ಎಲ್ಲಾ ಕೂಡಿಸಿ ನಡಸೋ ಚಿಪ್ಪುಗಳು) ಐಎಸ್‌ಎ ಕೈಬಿಟ್ರು. ಕಾಕಾನ ಬೋರ್ಡ್ ಅದಕ್ಕಿಂತ ಹಿಂದಿನ 440ಬಿಎಕ್ಸ್, 1998ರ ಮಾಲು, ಸ್ಲಾಟ್ ಅಂದ್ರ ಡಿಸ್ಪ್ಲೇ ಕಾರ್ಡಿನ ಎಜಿಪಿ ಒಂದು, ಉಳಿದ ಕಾರ್ಡಿನ ಪಿಸಿಐ ನಾಕು, ಐಎಸ್‌ಎ ಎರಡು. ನನ್ನ ಕೇಳಿದ್ರ ಆ ಕಾಲದ ಅಗದಿ ಛೊಲೋ ಚಿಪ್‌ಸೆಟ್ ಅದು.

ಹೋದ ವಾರ ಸ್ಕ್ರೀನ್ ಕಪ್ಪಾತು, ಚಾಲೂ ಮಾಡಿದ್ರ ಒಂದು ಉದ್ದ ಎರಡು ಗಿಡ್ಡ ಬೀಪ್. ಅವಾರ್ಡ್ ಬಯಾಸ್ (ಚಾಲೂ ಆದಕೂಡ್ಲೆ ಬೋರ್ಡ್ ತಪಾಸ ಮಾಡೋ ಪ್ರೋಗ್ರಾಮ್) ಹಂಗ ಕೂಗಿತು ಅಂದ್ರ ಡಿಸ್ಪ್ಲೇ ಕಡೆ ತಕರಾರು ಐತಿ ಅಂತ ಅರ್ಥ. ಒಳಗಿದ್ದ ಹಳೇ ಎಜಿಪಿ ಕಾರ್ಡಿನ ಕೆಪಾಸಿಟರ್ ತೆಲಿ ಉಬ್ಬಿ ಕಂದು ರಸ ಸೋರಿತ್ತು, ಅದರಾಗ ಹುಡುಕೋದೇನೂ ಇರಲಿಲ್ಲ. ನಾನು ಹೋಗಿ ನೋಡೋದ್ರಾಗ ಕಾಕಾನ ಮಗ ಆನ್‌ಲೈನ್‌ನ್ಯಾಗ ಒಂದು ಎಜಿಪಿ ಕಾರ್ಡ್ ತರಿಸಿಬಿಟ್ಟಿದ್ದ, 8ಎಕ್ಸ್ ವೇಗದ್ದು, ಸೆಕೆಂಡ್ ಹ್ಯಾಂಡ್, ನೋಡಾಕ ಮಸ್ತ್. ಫೋನ್ ಮಾಡಿ ಏನಂತಾನ, "ಅಣ್ಣಾ, ಕಾರ್ಡ್ ಕುಂದ್ರವಲ್ದು, ಸ್ಲಾಟಿನ್ಯಾಗ ಒಂದು ಪ್ಲಾಸ್ಟಿಕ್ ಅಡ್ಡ ಬರಾಕತ್ತೈತಿ, ಎರಡು ಮಿಲಿಮೀಟರ್ ಇರಬೇಕಷ್ಟ, ಅರ ಹಾಕಿ ತಗದಬಿಡ್ಲೇನು?"

ದಿನಾ ಬೆಳಗಾದ್ರ ಕಬ್ಬಿಣ ತಿಕ್ಕಿ ಅಳತಿಗೆ ತರೋ ಮಂದಿ, ಕುಂದ್ರಲಾರದ್ದನ್ನ ಕುಂದ್ರಿಸೋದ ಅವರ ಧಂದೆ, ಅವನ್ನ ಬೈದು ಏನ್ ಮಾಡ್ಲಿ. "ಮುಟ್ಟಬ್ಯಾಡೋ, ಹಂಗ ಇಡು, ನಾ ಬಂದೆ" ಅಂತ ಮಳ್ಯಾಗ ಗಾಡಿ ತಗೊಂಡು ಮೂರನೇ ಗೇಟ್ ದಾಟಿ ಓಡಿದೆ. ಹೋಗೋದ್ರಾಗ ಅರ ಕೈಯಾಗ ಹಿಡಕೊಂಡು ನಿಂತಿದ್ದ ಪುಣ್ಯಾತ್ಮ, ಸ್ಲಾಟ್ ಮ್ಯಾಲ ಮಾಸ್ಕಿಂಗ್ ಟೇಪ್ ಬ್ಯಾರೆ ಹಚ್ಚಿದ್ದ, ಪುಡಿ ಒಳಗ ಬೀಳಬಾರದಂತ.

ಆ ಪ್ಲಾಸ್ಟಿಕ್ ಗಟ್ಟು ಇಟ್ಟಿದ್ದು ವೋಲ್ಟೇಜ್ ಸಲವಾಗಿ. ಎಜಿಪಿ 1997ರಾಗ ಬಂದಾಗ 1ಎಕ್ಸ್, 2ಎಕ್ಸ್ ಅಂತಿತ್ತು, ಸಿಗ್ನಲ್ 3.3 ವೋಲ್ಟಿಂದು. ಆಮ್ಯಾಲ 4ಎಕ್ಸ್ ಬಂತು 1.5 ವೋಲ್ಟಿಗೆ, ಅದಾದಮ್ಯಾಲ 8ಎಕ್ಸ್ ಬಂತು 0.8ಕ್ಕ. 3.3ರ ಸ್ಲಾಟಿನ್ಯಾಗ ಗಟ್ಟು ಇರೋದು ಮಾನಿಟರ್ ವಾಯರ್ ಹಚ್ಚೋ ಬ್ರ್ಯಾಕೆಟ್ ಬಾಜೂಕ, 1.5ರ ಸ್ಲಾಟಿನ್ಯಾಗ ಅದರ ವಿರುದ್ಧ ಬಾಜೂಕ. ಗಟ್ಟು ಹೊಂದಾಕ 8ಎಕ್ಸ್ ಕಾರ್ಡಿಗೆ ಕೊಯ್ದ ಕಚ್ಚೂ ಈ 1.5ರ ಜಾಗಾದಾಗನ ಇರ್ತೈತಿ. ಎರಡೂ ಕಡೆ ಕಚ್ಚು ಇದ್ದ ಕಾರ್ಡ್ ಎರಡೂ ನಮೂನಿಗೆ ನಡೀತೈತಿ. ಗಟ್ಟ ಇಲ್ಲದ ಯೂನಿವರ್ಸಲ್ ಸ್ಲಾಟೂ ಅದಾವ, ಅವು ಕಾರ್ಡಿನ ಟೈಪ್‌ಡೆಟ್ ಅನ್ನೋ ಪಿನ್ ನೋಡಿ ವೋಲ್ಟೇಜ್ ತಾವ ಬದಲ್ ಮಾಡ್ಕೋತಾವ. 440ಬಿಎಕ್ಸ್‌ಗೆ ಆ ಶಾಣ್ಯಾತನ ಇಲ್ಲ, ಅದಕ್ಕ ಗೊತ್ತಿರೋದು 3.3 ಒಂದ. ಗಟ್ಟು ಕೆತ್ತಿ ಕಾರ್ಡ್ ತುರುಕಿದ್ರ 1.5ರ ಚಿಪ್ಪಿಗೆ ಎರಡು ಪಟ್ಟಿಗಿಂತ ಜಾಸ್ತಿ ಹೋಗ್ತೈತಿ. ಕಾಕಾಗ ಇಷ್ಟ ಸಾಕಾತು, "ಅಂದ್ರ 110ರ ಮೋಟರ್ ತಂದು 230ಕ್ಕ ಹಚ್ಚಿದಂಗ ಆತಲ್ಲೋ ತಮ್ಮಾ" ಅಂದ್ರು, ಮಗನ ಕೈಯಾಗಿನ ಅರ ಕಸಗೊಂಡ್ರು.

ಇದರ ಉಲ್ಟಾ ಇನ್ನೂ ಕೆಟ್ಟ. ಪೆಂಟಿಯಂ ಫೋರಿನ 845 ಬೋರ್ಡ್ 1.5 ಅಷ್ಟ ತಡಕೊಳ್ಳೋದು, ಕೆಲವು ಹಳೇ ಸೋವಿ ಕಾರ್ಡಿನವ್ರು ಒಳಗ 3.3 ಇಟ್ಟು ಮ್ಯಾಲ ಎರಡೂ ಕಚ್ಚು ಕೊಯ್ದು ಮಾರ್ಯಾರ. ಅಂಥಾದ್ದು ಹಚ್ಚಿದ್ರ ಬೋರ್ಡಿನ ಚಿಪ್‌ಸೆಟ್ಟ ಸುಡ್ತೈತಿ. ಹಿಂಗಾಗಿ ಕಚ್ಚು ನೋಡಿ ನಂಬಬಾರದು, ಚಿಪ್ ಯಾವುದು ಅಂತ ಓದೇ ಹಚ್ಚಬೇಕು.

ಡಬ್ಬಾ ಗೋಣಿಚೀಲದಾಗ ಸುತ್ತಿ ಮನಿಗೆ ತಂದೆ. ನನ್ನ ಹತ್ರ ಎಫ್‌ಎಕ್ಸ್ 5200 ಅನ್ನೋ ಎಜಿಪಿ ಕಾರ್ಡ್ ಇತ್ತು, ಎರಡೂ ಕಚ್ಚಿಂದು, ಇಂಥಾ ಬೋರ್ಡಿಗೆ ನಡಿಯೋವಂಥಾದ್ದು. ಬೀಪ್ ಹೋತು, ಸ್ಕ್ರೀನ್ ಬಂತು, ಡಾಸ್ ತನಕ ಬಂತು, ಸ್ವಲ್ಪ ಹೊತ್ತಿಗೆ ತಾನ ರೀಸೆಟ್. ಮದ್ಲ ಬೋರ್ಡಿನ ವೇಗ ಗೊತ್ತು ಮಾಡೋ ಜಂಪರ್ ನೋಡಿದೆ, ಯಾಕಂದ್ರ ಬಿಎಕ್ಸ್ ಬೋರ್ಡ್ 133 ಮೆಗಾಹರ್ಟ್ಸಿಗೆ ಓಡಿಸಿದ್ರ ಎಜಿಪಿ ಕ್ಲಾಕ್ 66ರ ಬದಲಿ 89 ಆಗ್ತೈತಿ, ಎಲ್ಲಾ ಕಾರ್ಡ್ ಅದನ್ನ ತಡಕೊಳ್ಳಂಗಿಲ್ಲ. ಇಲ್ಲಿ 100 ಇತ್ತು, ಅದರದ್ದೇನೂ ತಪ್ಪಿಲ್ಲ. ಆಮ್ಯಾಲ ಮೀಟರ್ ಹಚ್ಚಿದೆ. ಬೋರ್ಡಿಗೆ ಕರೆಂಟ್ ತರೋ 20 ಪಿನ್ ಕನೆಕ್ಟರಿನ ಹಿಂದಿನಿಂದ ಕಿತ್ತಳೆ ವಾಯರಿನ ಸಂದಿಗೆ ಮೊನೆ ತೂರಿಸಿ ನೋಡಿದ್ರ ಕಾರ್ಡ್ ಇಲ್ಲದಾಗ 3.3 ಬರೋಬ್ಬರಿ, ಕಾರ್ಡ್ ಹಚ್ಚಿದಕೂಡ್ಲೆ 3.1ರ ಕೆಳಗ. ಶೇಕಡಾ 5 ಬಿಟ್ರೂ 3.14ರ ಕೆಳಗ ಇಳೀಬಾರದು. ಎಜಿಪಿ ಸ್ಲಾಟ್ ಒಂದ 3.3ರ ಮ್ಯಾಲ 6 ಆಂಪ್ ತನಕ ಕೇಳಬಹುದು ಅಂತ ನೇಮ ಐತಿ, ಮುದಿ ಎಸ್‌ಎಂಪಿಎಸ್ (ಡಬ್ಬಾಕ್ಕ ಕರೆಂಟ್ ಕೊಡೋ ಪೆಟ್ಟಿಗಿ) ಎಲ್ಲಿಂದ ಕೊಟ್ಟೀತು.

ಹೊಸಾ ಎಸ್‌ಎಂಪಿಎಸ್ ಹಚ್ಚಿದೆ. ಸ್ಕ್ರೀನ್ ಅಲ್ಲಾಡಲಿಲ್ಲ, ರೀಸೆಟ್ ಇಲ್ಲ, ಎಲ್ಲಾ ಭೇಷ್. ಡಬ್ಬಾ ಒಯ್ದು ಮಷೀನಿಗೆ ಜೋಡಿಸಿದ್ರ ರೀಡಿಂಗ್ ಎಲ್ಲಾ ಕಸ. ಇಂಪೆಲ್ಲರ್ ನಿಂತೈತಿ, ಸ್ಕ್ರೀನ್ ಮ್ಯಾಲ ಅಂಕಿ ಕುಣಿಯಾಕತ್ತಾವ. ಕಾಕಾ ನನ್ನ ಮಾರಿ ನೋಡ್ತಾರ, ನಾನು ಐಎಸ್‌ಎ ಕಾರ್ಡಿನ ಮಾರಿ ನೋಡ್ತೀನಿ. ತಿಳೀಬೇಕಾದ್ರ ಒಂದು ಕಪ್ ಚಾ ಬೇಕಾತು. ಹಳೇ ಎಸ್‌ಎಂಪಿಎಸ್‌ದಾಗ ಒಂದು ಬಿಳೇ ವಾಯರ್ ಇರ್ತಿತ್ತು, ಮೈನಸ್ 5 ವೋಲ್ಟ್, ಐಎಸ್‌ಎ ಸ್ಲಾಟಿಗೆ ಹೋಗೋದು. 2003ರ ಸುಮಾರು ಬೋರ್ಡ್, ಎಸ್‌ಎಂಪಿಎಸ್ ಹೆಂಗಿರಬೇಕು ಅನ್ನೋ ಎಟಿಎಕ್ಸ್ ನೇಮದಾಗ ಅದನ್ನ ತಗದು ಹಾಕಿದ್ರು, ಬಳಸೋರು ಯಾರೂ ಇಲ್ಲಂತ. ಕಾಕಾನ ಕಾರ್ಡ್ ಬಳಸ್ತಿತ್ತು! ಸೆನ್ಸರಿನ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಚಿಪ್ಪಿಗೆ ಪ್ಲಸ್ಸೂ ಬೇಕು ಮೈನಸ್ಸೂ ಬೇಕು. ಕನೆಕ್ಟರ್ ತಗದು ನೋಡಿದ್ರ ಹೊಸಾದ್ರಾಗ ಆ ಜಾಗಾ ಖಾಲಿ.

ಇಲ್ಲಿಗೆ ನನಗ ಒಂದು ಖಾತ್ರಿ ಆತು. ಹಳೇ ಬೋರ್ಡ್ ಅಂದಕೂಡ್ಲೆ ಅದಕ್ಕ ಕುಂದ್ರೋ ಅಗದಿ ದೊಡ್ಡ ಕಾರ್ಡ್ ಯಾವುದು ಅಂತ ಹುಡುಕ್ತಾರ, ಗೇಮ್ ಆಡೋರಾದ್ರ ಸರಿ, ಆದ್ರ ಈ ಡಬ್ಬಾದ ಕೆಲಸ ಏನು? ಹದಿನಾರು ಬಣ್ಣದಾಗ ಒಂದು ವರ್ತುಲ, ನಾಕು ಅಂಕಿ. ಅದಕ್ಕ 3ಡಿ ಯಾಕ ಬೇಕ್ರಿ. ಮಾಡಿನ ಮ್ಯಾಲಿನ ಪೆಟ್ಟಿಗಿಯಿಂದ ಎಸ್3 ಟ್ರಯೋ64ವಿ+ ತಗದೆ, 1995ರ ಚಿಪ್, ಪಿಸಿಐ, ಫ್ಯಾನ್ ಇಲ್ಲ, ಹೀಟ್‌ಸಿಂಕೂ ಇಲ್ಲ, ಡಾಸ್ ಕೂಡ ಇದರಷ್ಟು ಹೊಂದಿಕೊಂಡು ಹೋಗೋ ಕಾರ್ಡ್ ನಾ ಕಂಡಿಲ್ಲ. ಇಂಥಾವು 5 ವೋಲ್ಟಿನ ಮ್ಯಾಲ ಬದುಕ್ತಾವ, 3.3ರ ಮ್ಯಾಲ ಭಾರ ಬೀಳಂಗಿಲ್ಲ. ಬಯಾಸ್‌ನ್ಯಾಗ ಇನಿಟ್ ಡಿಸ್ಪ್ಲೇ ಫಸ್ಟ್ ಅನ್ನೋದನ್ನ ಪಿಸಿಐ ಅಂತ ಮಾಡಿ, ಬಿಳೇ ವಾಯರಿನ ಹಳೇ ಎಸ್‌ಎಂಪಿಎಸ್ ಮರಳಿ ಹಚ್ಚಿ ಇವತ್ತ ಮಧ್ಯಾಹ್ನ ಶೆಡ್ಡಿಗೆ ಒಯ್ದೆ. ಕಿತ್ತಳೆ ವಾಯರ್ 3.3, ಬಿಳೇದು ಮೈನಸ್ 5, ಇಂಪೆಲ್ಲರ್ ತಿರಗ್ತು, ರೀಡಿಂಗ್ ಒಂದ ಕಡೆ ನಿಂತ್ವು.

ಮಗಾ ಆ 8ಎಕ್ಸ್ ಕಾರ್ಡ್ ನನ್ನ ಕೈಯಾಗ ಕೊಟ್ಟು "ಅಣ್ಣಾ, ನಿಮ್ಮಲ್ಲೇ ಇರಲಿ, ಯಾರರ ಕೇಳಿದ್ರ ಕೊಡ್ರಿ" ಅಂದ. ಹಳೇ ಎಸ್‌ಎಂಪಿಎಸ್ ಬಿಚ್ಚಿ 3.3ರ ಕಡೆ ಕೆಪಾಸಿಟರ್ ಬದಲಿ ಮಾಡೋದು ಇನ್ನೂ ಐತಿ, ಮುದ್ದಾಂ ಇಎಸ್‌ಆರ್, ಅಂದ್ರ ಒಳಗಿನ ರೋಧ, ಕಡಿಮಿ ಇದ್ದದ್ದ ಬೇಕು. ಅದಕ್ಕಿಂತ ಮದ್ಲ ಹಾರ್ಡ್‌ಡಿಸ್ಕಿನ ಕಾಪಿ ತಗೀಬೇಕು, ಆ ಡಾಸ್ ಪ್ರೋಗ್ರಾಮಿನ ಫ್ಲಾಪಿ ಎಲ್ಲೈತಿ ಅಂತ ಕೇಳಿದ್ರ ಕಾಕಾ ದೇವರ ಫೋಟೋ ಹಿಂದ ಕೈ ಹಾಕಿ ಹುಡುಕಾಕತ್ತಿದ್ರು.