ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳುವವರಿಗೆ

"ಅಕ್ಕ, ಮೊದಲನೇ ಸಲ ಡಿಎಸ್‌ಎಲ್‌ಆರ್ ತಗೊಳ್ತಾ ಇದ್ದೀನಿ. ಯಾವುದು ಬೆಸ್ಟ್? ಜೊತೆಗೆ ಏನೇನು ಬೇಕು?"

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ಲಿಫ್ಟ್‌ನಲ್ಲಿ ಕೇಳುತ್ತಾರೆ. ಕೆಲವರು ಅಂಗಡಿ ಕೌಂಟರ್ ಮುಂದೆ ನಿಂತೇ ಫೋನ್ ಮಾಡುತ್ತಾರೆ: "ಬೇಗ ಹೇಳಿ, ಬಿಲ್ ಹಾಕ್ತಾ ಇದ್ದಾರೆ." ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಕ್ಯಾನನ್ನಾ ನಿಕಾನಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡನ್ನೂ ಹಿಡಿದು ನೋಡಿ, ನಿಮ್ಮ ಕೈಗೆ ಯಾವುದು ಸಲೀಸಾಗಿ ಕೂರುತ್ತದೋ ಅದನ್ನು ತಗೊಳ್ಳಿ. ಡಿಎಸ್‌ಎಲ್‌ಆರ್ ಕಾಲ ಮುಗೀತಲ್ವಾ ಅನ್ನುತ್ತೀರಿ. ಹೌದು, ಈ ಎರಡೂ ಕಂಪನಿ ಹೊಸ ಡಿಎಸ್‌ಎಲ್‌ಆರ್ ಕೊನೆಯದಾಗಿ ತಂದದ್ದು 2020ರಲ್ಲಿ. ಈಗೆಲ್ಲ ಮಿರರ್‌ಲೆಸ್, ಅಂದರೆ ಡಿಎಸ್‌ಎಲ್‌ಆರ್ ಒಳಗಿರುವ ಕನ್ನಡಿ ಇಲ್ಲದ ಕ್ಯಾಮೆರಾ. ಕಲಿಯುವವರಿಗೆ ಅದರಿಂದ ಲಾಭವೇ ಆಗಿದೆ, ಒಳ್ಳೆ ಕ್ಯಾಮೆರಾಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತವೆ. ಕೊಳ್ಳುವ ಮುಂಚೆ ಶಟರ್ ಕೌಂಟ್ ಕೇಳಿ, ಅಂದರೆ ಇದುವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅಂತ. ಶುರುವಿನ ಮಾಡೆಲ್‌ಗಳ ಶಟರ್ ಸುಮಾರು 1 ಲಕ್ಷ ಕ್ಲಿಕ್ ಬಾಳುತ್ತದೆ ಅನ್ನುವ ಲೆಕ್ಕವಿದೆ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿ ಆದರೆ ಇನ್ನೊಂದು ಮಾತು. ಅವುಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಎಎಫ್-ಎಸ್ ಅಂತ ಬರೆದಿದೆಯಾ ನೋಡಿಕೊಳ್ಳಿ, ಅವುಗಳಲ್ಲಿ ಮೋಟರ್ ಲೆನ್ಸ್ ಒಳಗೇ ಇರುತ್ತದೆ.

ಕ್ಯಾಮೆರಾ ವಿಷಯ ಇಷ್ಟೇ. ಜೊತೆಗೆ ಏನೇನು ಬೇಕು ಅನ್ನುವಾಗ ಮಾತ್ರ ನನಗೆ ಸಿಟ್ಟು ಬರುತ್ತದೆ.

ಬನಶಂಕರಿಯಲ್ಲಿ ನನ್ನ ಚಿಕ್ಕಮ್ಮನ ಮಗ ಇದ್ದಾನೆ. ಅವನೂ ಹೀಗೇ ಅಂಗಡಿಯಿಂದ ಫೋನ್ ಮಾಡಿದ್ದ. "ಕ್ಯಾಮೆರಾ ಜೊತೆ ಬರೋ 18-55 ಲೆನ್ಸ್ ಸಾಕು ಕಣೋ, ಆಮೇಲೆ ನೋಡೋಣ" ಅಂದೆ. ಅಲ್ಲಿ ಕಾಂಬೋ ಆಫರ್ ಅಂದರಂತೆ. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ 70-300 ಲೆನ್ಸ್, ದೊಡ್ಡ ಬ್ಯಾಗು, ಕಡ್ಡಿ ಹಾಗೆ ಅಲ್ಲಾಡುವ ಟ್ರೈಪಾಡು, ಮೂರು ಫಿಲ್ಟರು, ಎಲ್ಲ ಬಂತು. ಎರಡು ಮಳೆಗಾಲ ಕಳೆಯಿತು. ಕಡಲೆಕಾಯಿ ಪರಿಷೆಗೆ ಮುಂಚಿನ ಭಾನುವಾರ ಬ್ಯಾಗ್ ಸಮೇತ ನಮ್ಮ ಮನೆಗೆ ಬಂದ. "ಅಕ್ಕ, ಫೋಟೋ ಎಲ್ಲ ಮಂಜು ಮಂಜಾಗಿ ಬರ್ತಿದೆ."

ಬ್ಯಾಗಿನ ಜಿಪ್ ತೆಗೆದ ತಕ್ಷಣ ಒಣಗದ ಬಟ್ಟೆಯ ವಾಸನೆ ಬಂತು. ದೊಡ್ಡ ಲೆನ್ಸ್ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟೆ. ಗಾಜಿನ ಅಂಚಿನಿಂದ ನಡುವಿಗೆ ಬಿಳಿ ಎಳೆಗಳು ಹರಡಿದ್ದವು, ಅಶ್ವತ್ಥದ ಎಲೆ ಒಣಗಿ ಬರೀ ನರ ಉಳಿದಿರುತ್ತದಲ್ಲ, ಹಾಗೆ. ಅವನು ಅಂಗಿಯ ಚುಂಗಿನಿಂದ ಒರೆಸಲು ಹೋದ. "ಹೊರಗಲ್ಲ ಕಣೋ, ಒಳಗಿನ ಗಾಜಿನ ಮೇಲೆ. ಫಂಗಸ್ ಅದು."

"ಹಾಳಾಗಬಾರದು ಅಂತ ತಾನೇ ಬೀರುವಿನಲ್ಲಿ ಇಟ್ಟಿದ್ದು?"

ಆ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು. ಬೀರುವಿನಲ್ಲಿ ಇಟ್ಟಿದ್ದಕ್ಕೇ ಅದು ಹಾಳಾಗಿದ್ದು. ಕತ್ತಲು, ಆಡದ ಗಾಳಿ, ತೇವ. ಗಾಳಿಯಲ್ಲಿ ತೇವಾಂಶ ಶೇ. 60 ದಾಟಿದರೆ ಫಂಗಸ್‌ಗೆ ಹಬ್ಬ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದಕ್ಕೇನು ಬರ? ಬ್ಯಾಗಿನ ಸ್ಪಂಜು ಬೇರೆ ತೇವ ಹಿಡಿದುಕೊಳ್ಳುತ್ತದೆ.

ಹಾಗಾಗಿ ಕೇಳಿ. ಮೊದಲು ಕೊಳ್ಳಬೇಕಾದ್ದು ಗಾಳಿಯಾಡದಂತೆ ಮುಚ್ಚುವ ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್. ನೀಲಿ ಹರಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ನೀಲಿ ಬರಿಸುವ ರಾಸಾಯನಿಕ ವಿಷ, ಮಕ್ಕಳ ಕೈಗೆ ಸಿಗಬಾರದು. ಆಮೇಲೆ ಇನ್ನೊಂದು ಬ್ಯಾಟರಿ, ಇನ್ನೊಂದು ಮೆಮೊರಿ ಕಾರ್ಡ್, ಧೂಳು ಊದುವ ರಬ್ಬರ್ ಬ್ಲೋವರ್. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಅಗ್ಗದ ಫಿಲ್ಟರ್ ಬೇಡವೇ ಬೇಡ. ರಾತ್ರಿ ದೀಪ ಇದ್ದರೆ ಫೋಟೋದಲ್ಲಿ ಅದರ ನೆರಳಿನಂಥ ಇನ್ನೊಂದು ದೀಪ ಮೂಡುತ್ತದೆ. ಟ್ರೈಪಾಡ್ ಬೇಕೆನಿಸಿದ ದಿನ ಗಟ್ಟಿಯಾದದ್ದೇ ತಗೊಳ್ಳಿ.

ಇಷ್ಟು ವರ್ಷದಲ್ಲಿ "ಅಕ್ಕ, ನಿಮ್ಮ ಕ್ಯಾಮೆರಾ ಮನೆಯಲ್ಲಿ ಎಲ್ಲಿ ಇಡ್ತೀರಾ?" ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಬಾಗಿಲ ಪಕ್ಕ, ಸ್ಕೂಟರ್ ಕೀ ಇಡುವ ಶೆಲ್ಫ್ ಮೇಲೆ, ಡಬ್ಬಿಯಲ್ಲಿ. ಹಾಲು ತರಲು ಹೊರಟಾಗಲೂ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದರೆ ಕೈ ತಾನಾಗಿ ಹೋಗುತ್ತದೆ.

ಅವನು ಬ್ಯಾಗ್ ತಂದ ಮಾರನೇ ದಿನ ಕಾರ್ತಿಕದ ಕೊನೆಯ ಸೋಮವಾರ, ಪರಿಷೆ. ಸಂಜೆ ಇಬ್ಬರೂ ಬಸವನಗುಡಿಗೆ ಹೋದೆವು. ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ. ಒಬ್ಬ ಅಜ್ಜಿ ಬಲ್ಬಿನ ಕೆಳಗೆ ಕೂತು ಸೇರಿನಲ್ಲಿ ಅಳೆದು ಸುರಿಯುತ್ತಿದ್ದರು. "ತೆಗೀಲಾ ಅಜ್ಜಿ?" ಅಂತ ಕೇಳಿ ಅವನು ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್‌ನಲ್ಲಿ ತೆಗೆದ. 55ಕ್ಕೆ ಜೂಮ್ ಮಾಡಿದರೆ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ತೆರೆದು ಬೆಳಕು ಬಿಡುತ್ತದೆ. ಶಟರ್ ವೇಗ 1/13 ಸೆಕೆಂಡಿಗೆ ಇಳಿಯಿತು, ಅಜ್ಜಿಯ ಕೈ ಕಲಸಿಹೋಯಿತು. ನನ್ನ 50 ಎಂಎಂ ಎಫ್ 1.8 ಕೊಟ್ಟೆ. ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬಂತು, ಶಟರ್ 1/125. ಸೇರಿನಿಂದ ಜಾರುವ ಒಂದೊಂದು ಕಾಯಿ ಬೇರೆ ಬೇರೆ ಕಾಣುತ್ತಿತ್ತು, ಮೇಲೆ ಮಣ್ಣಿನ ಧೂಳು ಬಲ್ಬಿನ ಬೆಳಕಲ್ಲಿ ಹೊಳೆಯುತ್ತಿತ್ತು. ಅವನು ಪರದೆ ನೋಡುತ್ತಾ ರಸ್ತೆ ಮಧ್ಯೆಯೇ ನಿಂತುಬಿಟ್ಟ. ನಾನೇ ತೋಳು ಹಿಡಿದು ಪಕ್ಕಕ್ಕೆ ಎಳೆದೆ. ಕಾಂಬೋದಲ್ಲಿ ಇದೊಂದು ಲೆನ್ಸ್ ಇರಲಿಲ್ಲ ನೋಡಿ!

ಮೊನ್ನೆ ಅವನಿಂದ ಒಂದು ಫೋಟೋ ಬಂತು. ಬಟ್ಟಲಿನ ತುಂಬ ಸಿಲಿಕಾ ಹರಳು. ಕೆಳಗೆ ಬರೆದಿದ್ದ: "ಅಕ್ಕ, ಪಿಂಕ್ ಆಗಿದೆ, ಬಿಸಿ ಮಾಡ್ತಾ ಇದ್ದೀನಿ. ಭಾನುವಾರ ಬೆಳಗ್ಗೆ ಐದಕ್ಕೆ ಕೆ.ಆರ್. ಮಾರ್ಕೆಟ್ ಹೂವಿನ ಕಡೆ ಹೋಗೋಣ್ವಾ?"