ಶುಕ್ರವಾರಕ್ಕೆ ಮೊದಲೇ ಕೆಂಪೇರಿದ ಮೊಟ್ಟೆಗಳು

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲ ಅರ್ಧ ಕಳೆಯುವ ಹೊತ್ತಿಗೆ ಮನೆಯೊಡತಿ ಅಜ್ಜಿಯ ಅಡುಗೆಮನೆಯ ಬಾಗಿಲ ಹಿಂದೆ, ಮೊಳೆಯೊಂದಕ್ಕೆ, ಬಟ್ಟೆಯ ಚೀಲ ನೇತುಬಿದ್ದಿತ್ತು. ಈರುಳ್ಳಿ ಹೆಚ್ಚುವಾಗ ಉದುರಿದ ಒಣಸಿಪ್ಪೆಯೆಲ್ಲ ಅದಕ್ಕೇ ಹೋಗುತ್ತಿತ್ತು. ಕೆಳಮನೆಯಲ್ಲಿ ಬಾಡಿಗೆಗಿದ್ದ ನಮ್ಮ ಸಿಪ್ಪೆಯನ್ನೂ ಅವರು ಬಿಡದೆ ವಸೂಲು ಮಾಡಿಕೊಳ್ಳುತ್ತಿದ್ದರು. ಪತಿಯ ಹಡಗು ಕಂಪನಿಯ ಕೆಲಸದ ನಿಮಿತ್ತ ನಾವು ಅಥೆನ್ಸಿನ ಬಂದರಾದ ಪಿರೇಯಸ್ಸಿನಲ್ಲಿ ನೆಲೆಸಿದ್ದ ಕಾಲವದು. 2025ರಲ್ಲಿ ಪೂರ್ವದ ಆರ್ಥಡಾಕ್ಸ್ ಸಭೆಯ ಪಾಸ್ಖವೂ (ಈಸ್ಟರ್ ಹಬ್ಬ) ನಮ್ಮ ಕಥೋಲಿಕ ಸಭೆಯ ಪಾಸ್ಖವೂ ಏಪ್ರಿಲ್ 20ರಂದೇ ಬಂದಿದ್ದರಿಂದ, ಊರಿನಲ್ಲಿ ಅಮ್ಮ ಪವಿತ್ರ ಗುರುವಾರದ ಬಲಿಪೂಜೆಗೆ ಹೊರಡುತ್ತಿದ್ದ ದಿನವೇ ನಾನು ಅಜ್ಜಿಯ ಒಲೆಯ ಮುಂದೆ ನಿಂತಿದ್ದೆ.

ಗ್ರೀಕರು ಮೊಟ್ಟೆಗೆ ಬಣ್ಣ ಕಟ್ಟುವುದು ಆ ಗುರುವಾರವೇ. ಕೆಲವೆಡೆ ಆ ದಿನಕ್ಕೆ 'ಕೆಂಪು ಗುರುವಾರ' ಎಂಬ ಹೆಸರೇ ಇದೆ. ಬಣ್ಣವೂ ಒಂದೇ, ಕ್ರಿಸ್ತರ ರಕ್ತದ ಕೆಂಪು. ಅರಿಶಿನದಿಂದ ಹಳದಿ ಬರುತ್ತದೆ, ಕೆಂಪು ಎಲೆಕೋಸಿನ ನೀರು ನೇರಳೆಯಾಗಿದ್ದರೂ ಬಿಳಿ ಮೊಟ್ಟೆ ಅದರಿಂದ ನೀಲಿಯಾಗಿ ಮೇಲೇಳುತ್ತದೆ ಎಂದು ನಾನು ಉತ್ಸಾಹದಿಂದ ಹೇಳಿದಾಗ ಅಜ್ಜಿ ತಲೆಯಾಡಿಸಿದರೇ ಹೊರತು ಪಾತ್ರೆ ಬದಲಿಸಲಿಲ್ಲ. ಅಂಗಡಿಯಲ್ಲಿ ಕೆಂಪು ಪುಡಿಯ ಪೊಟ್ಟಣ ಸಿಗುತ್ತದೆ, ಹೆಚ್ಚಿನ ಮನೆಗಳಲ್ಲಿ ಈಗ ಅದೇ ನಡೆಯುತ್ತದೆ. ಅದರಲ್ಲಿ ಅದ್ದಿದ ಮೊಟ್ಟೆಗಳು ಒಂದರಂತೆ ಒಂದು ಥಳಥಳಿಸುತ್ತವೆ. ಈರುಳ್ಳಿ ಸಿಪ್ಪೆಯ ಕೆಂಪು ಹಾಗಲ್ಲ. ಅದು ಹೆಂಚಿನ ಬಣ್ಣಕ್ಕೂ ಒಣಗಿದ ರಕ್ತದ ಬಣ್ಣಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಪ್ರತಿ ಮೊಟ್ಟೆಯ ಮೇಲೂ ಬೇರೆಬೇರೆಯಾಗಿ. ನನಗಂತೂ ಪೊಟ್ಟಣದ ಕೆಂಪಿಗಿಂತ ಇದೇ ಆ ದಿನಕ್ಕೆ ಹತ್ತಿರವಾಗಿ ಕಂಡಿತು.

ಹನ್ನೆರಡು ಮೊಟ್ಟೆಗೆ ಸುಮಾರು ಹದಿನೈದು ಈರುಳ್ಳಿಯ ಸಿಪ್ಪೆ ಬೇಕು. ಅದನ್ನು ಒಂದೂಕಾಲು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಸಣ್ಣಗೆ ಕುದಿಸಿದರೆ ನೀರು ಮೊದಲು ಚಹಾದಂತಾಗಿ, ಆಮೇಲೆ ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ನಿನಷ್ಟು ಗಾಢವಾಗುತ್ತದೆ. ಸೋಸಿ, ಪೂರ್ತಿ ಆರಿಸಿ, ಎರಡು ಮೂರು ಚಮಚ ವಿನೆಗರ್ ಬೆರೆಸಿದ ಮೇಲಷ್ಟೇ ಮೊಟ್ಟೆಗಳನ್ನು ಇಳಿಸಬೇಕು. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಜಾತಿ. ವಿನೆಗರಿನ ಹುಳಿ ತಾಗಿದೊಡನೆ ಅದರ ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ, ನಯವಾದ ಮೇಲ್ಪದರ ತುಸು ಸವೆಯುತ್ತದೆ, ಸಿಪ್ಪೆಯ ಕ್ವೆರ್ಸೆಟಿನ್ ಮೊದಲಾದ ಬಣ್ಣಗಳು ಅಲ್ಲಿ ಕಚ್ಚಿಕೊಳ್ಳುತ್ತವೆ. ಹುಳಿ ಅತಿಯಾದರೆ ಚಿಪ್ಪಿನ ಮೇಲೆ ಮಚ್ಚೆ ಬೀಳುತ್ತದೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಅಜ್ಜಿ ಹಿತ್ತಲಿಗೆ ಹೋದ ಹೊತ್ತಿನಲ್ಲಿ, ಅವರಿಗೆ ನೆರವಾಗುವ ಅವಸರದಲ್ಲಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೂರು ಮೊಟ್ಟೆಗಳನ್ನು ಇನ್ನೂ ಬಿಸಿಯಾಗಿದ್ದ ಬಣ್ಣಕ್ಕೆ ಇಳಿಸಿಬಿಟ್ಟೆ. ಚಟ್ ಚಟ್ ಎಂದು ಮೂರೂ ಸೀಳಿದವು. ಮರಳಿ ಬಂದ ಅಜ್ಜಿ ಗದರಲಿಲ್ಲ. ಪಾತ್ರೆಯನ್ನು ಒಲೆಯಿಂದ ಇಳಿಸಿ, ನೀರು ಆರುವವರೆಗೆ ಕುರ್ಚಿಯ ಮೇಲೆ ಕೂತರು. ನನಗೂ ಕೂರಲು ಸನ್ನೆ ಮಾಡಿದರು.

ಆ ಕಾಯುವಿಕೆಯಲ್ಲಿಯೇ ನಾನು ಬಹುದಿನದ ಪ್ರಶ್ನೆಯನ್ನು ಕೇಳಿದ್ದು: ಹಬ್ಬ ಭಾನುವಾರ, ಮೊಟ್ಟೆ ಮುಟ್ಟುವುದೂ ಶನಿವಾರ ನಡುರಾತ್ರಿ ದಾಟಿದ ಮೇಲೆ; ಹಾಗಿದ್ದರೆ ಶನಿವಾರ ಬೆಳಿಗ್ಗೆ ಬಣ್ಣ ಕಟ್ಟಿದರೆ ಸಾಲದೇ? ಅಜ್ಜಿ ಹೇಳಿದರು, "ನಾಳೆ ಮನೆಯಲ್ಲಿ ಸಾವಿದೆಯಲ್ಲ ಮಗಳೇ. ಸಾವಿನ ಮನೆಯಲ್ಲಿ ಯಾರು ಹಬ್ಬದ ಕೆಲಸ ಮಾಡುತ್ತಾರೆ?"

ಅವರ ಮಾತು ನನ್ನೊಳಗೆ 'ಸೂತಕ' ಎಂಬ ನಮ್ಮ ಪದವಾಗಿಯೇ ಇಳಿಯಿತು. ಶುಭ ಶುಕ್ರವಾರ ಆ ಊರು ನಿಜಕ್ಕೂ ಸೂತಕದ ಮನೆಯೇ. ಗಂಟೆಗಳು ಸಾವಿನ ಗಂಟೆಯಂತೆ ಒಂದೊಂದಾಗಿ ಬಾರಿಸುತ್ತವೆ, ಸಂಜೆ ಹೂವಿನಿಂದ ಸಿಂಗರಿಸಿದ ಚಟ್ಟವನ್ನು ಬೀದಿಬೀದಿಯಲ್ಲಿ ಹೊತ್ತು ತರುತ್ತಾರೆ, ಜನ ಮೇಣದ ಬತ್ತಿ ಹಿಡಿದು ಹಿಂದೆ ನಡೆಯುತ್ತಾರೆ. ಆ ಸಾವು ನಾಳೆ ಬರುವುದೆಂದು ತಿಳಿದೇ ಇಂದು ಈ ಹೆಂಗಸರು ಅದರಾಚೆಯ ಹಬ್ಬಕ್ಕೆ ಮೊಟ್ಟೆ ಬೇಯಿಸುತ್ತಾರೆ. ಶಿಲುಬೆ ಇನ್ನೂ ಏರಿಲ್ಲ, ಪುನರುತ್ಥಾನದ ಊಟದ ಸಾಮಗ್ರಿ ಆಗಲೇ ಬುಟ್ಟಿಯಲ್ಲಿದೆ. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ಕೊನೆಯ ವಾರದಲ್ಲಿ ನಾನು ಅದೆಷ್ಟು ಜಪಸರ ಎಣಿಸಿದ್ದೇನೋ, ಆದರೆ ಆ ದುಃಖದಾಚೆಗೆ ಒಂದು ಭಾನುವಾರವಿದೆ ಎಂದು ನಂಬಿ ಏನನ್ನಾದರೂ ಸಿದ್ಧಮಾಡಿದ್ದು ನೆನಪಿಲ್ಲ. ಪ್ರಾರ್ಥನೆ ಮಾಡಿದ್ದೆ, ಅಷ್ಟೇ, ಒಲೆ ಹಚ್ಚಿರಲಿಲ್ಲ.

ನೀರು ಆರಿತು. ಉಳಿದ ಒಂಬತ್ತು ಮೊಟ್ಟೆಗಳಲ್ಲಿ ನಾಲ್ಕಕ್ಕೆ ಅಜ್ಜಿ ಪಾರ್ಸ್ಲಿ ಸೊಪ್ಪಿನ ಒಂದೊಂದು ಎಲೆಯನ್ನು ಒದ್ದೆಮಾಡಿ ಅಂಟಿಸಿ, ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಸಣ್ಣ ಉರಿಯಲ್ಲಿ ಕಾಲು ಗಂಟೆಗೂ ತುಸು ಹೆಚ್ಚು ಬೆಂದು, ಆ ಬಣ್ಣದಲ್ಲೇ ಇನ್ನಷ್ಟು ಹೊತ್ತು ನೆನೆದು ಹೊರಬಂದಾಗ, ಎಲೆ ಇದ್ದಲ್ಲಿ ಮಾತ್ರ ಚಿಪ್ಪು ತಿಳಿಯಾಗಿ ಉಳಿದು, ನರನರವೂ ಕಾಣುವಂತೆ ಎಲೆಯ ಗುರುತು ಮೂಡಿತ್ತು. ಒಣಗಿದ ಮೇಲೆ ಆಲಿವ್ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒಂದೊಂದನ್ನೂ ಒರೆಸಿದೆವು. ಬಣ್ಣದಿಂದ ಮೊದಲು ಎತ್ತಿದ ಮೊಟ್ಟೆ ಮಾತೆ ಮರಿಯಮ್ಮನವರದು. ಅದನ್ನು ಯಾರೂ ತಿನ್ನುವುದಿಲ್ಲ, ಮುಂದಿನ ವರ್ಷದವರೆಗೆ ದೇವರ ಪಟಗಳ ಬಳಿ ಇರುತ್ತದೆ. ಹೋದ ವರ್ಷದ್ದನ್ನು ಅಜ್ಜಿ ನನ್ನ ಕಿವಿಯ ಬಳಿ ಅಲುಗಿಸಿ ತೋರಿಸಿದರು. ಒಳಗೆಲ್ಲ ಒಣಗಿ ಕಲ್ಲಾಗಿ, ಹುಣಸೆ ಬೀಜದಂತೆ ಲಟಲಟ ಸದ್ದು ಮಾಡುತ್ತಿತ್ತು. ಅದನ್ನು ನಿಂಬೆಗಿಡದ ಬುಡದಲ್ಲಿ ಹೂಳಿದೆವು.

ಅವರ ತಾಯಿಯ ಕಾಲದಲ್ಲಿ ಸಿಪ್ಪೆಯ ಜೊತೆಗೆ 'ರಿಝಾರಿ' ಎಂಬ ಬೇರನ್ನೂ ಕುದಿಸುತ್ತಿದ್ದರಂತೆ. ಅದು ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ ಮಂಜಿಷ್ಠದ ದಾಯಾದಿ, ಒಂದೇ ಕುಲದ ಗಿಡ. ಅಷ್ಟು ದೂರದ ಹಿತ್ತಲಿನಲ್ಲಿ ಊರಿನ ಬೇರಿನ ಸುದ್ದಿ ಸಿಕ್ಕಿದ್ದು ಆ ದಿನದ ಸಣ್ಣ ಸಂತೋಷ. ಊರಿನಲ್ಲಿ ನನಗೆ ಗೊತ್ತಿದ್ದ ಪಾಸ್ಖದ ಮೊಟ್ಟೆ ಎಂದರೆ ಬೇಕರಿಯ ಮಾರ್ಜಿಪಾನ್ ಮೊಟ್ಟೆ, ಮೇಲೆ ಐಸಿಂಗ್‌ನಲ್ಲಿ ಬರೆದ ಹೂವು. ಆದರೂ ಮೊಟ್ಟೆಯ ಆಶೀರ್ವಾದ ನಮ್ಮ ಸಭೆಗೆ ಹೊರಗಿನದೇನಲ್ಲ. 1614ರ ರೋಮನ್ ವಿಧಿಗ್ರಂಥದಲ್ಲಿ ಅದಕ್ಕೆಂದೇ ಪ್ರಾರ್ಥನೆಯಿದೆ. ಉಪವಾಸದ ನಲವತ್ತು ದಿನ ಮೊಟ್ಟೆ ಬಿಟ್ಟವರ ಮನೆಯಲ್ಲಿ ಕೋಳಿಗಳಿಗೆ ಉಪವಾಸವಿರಲಿಲ್ಲ. ಹಬ್ಬದ ಹೊತ್ತಿಗೆ ಬುಟ್ಟಿ ತುಂಬಿರುತ್ತಿತ್ತು, ಹೀಗಾಗಿ ಹಬ್ಬದ ಮೊದಲ ತುತ್ತು ಅದೇ ಆಯಿತು.

ಆ ಗುರುವಾರ ಸಂಜೆ ದೇವಾಲಯದಲ್ಲಿ ಕ್ರಿಸ್ತರ ಯಾತನೆಯ ಹನ್ನೆರಡು ಶುಭಸಂದೇಶ ಪಾಠಗಳನ್ನು ಓದಿದರು. ಐದನೆಯದರ ನಂತರ ದೀಪಗಳು ನಂದಿದವು. ಗುರುಗಳು ದೊಡ್ಡ ಶಿಲುಬೆಯನ್ನು ಹೊತ್ತು ಕತ್ತಲೆಯಲ್ಲಿ ಹೊರಬಂದರು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಬೆರಳುಗಳು ಸಿಪ್ಪೆಯ ಕಂದುಗೆಂಪಿನಿಂದ ಇನ್ನೂ ಬಿಡುಗಡೆಯಾಗಿರಲಿಲ್ಲ, ನನ್ನವೂ ಅಷ್ಟೇ.

ಶನಿವಾರ ನಡುರಾತ್ರಿ "ಬನ್ನಿ, ಬೆಳಕನ್ನು ಸ್ವೀಕರಿಸಿರಿ" ಎಂಬ ಕರೆಯೊಡನೆ ಒಂದೇ ಜ್ವಾಲೆ ಕೈಯಿಂದ ಕೈಗೆ ಹರಿಯಿತು. ಅದನ್ನು ಆರದಂತೆ ಮನೆಗೆ ತಂದು, ಅದರ ಹೊಗೆಯಿಂದ ಬಾಗಿಲ ಚೌಕಟ್ಟಿನ ಮೇಲೆ ಶಿಲುಬೆ ಗೀಚಿ, ಮೇಜಿಗೆ ಕೂತೆವು. ಮೊಟ್ಟೆಯ ತುದಿಗೆ ತುದಿ ತಾಗಿಸಿ ಒಡೆಯುವಾಗ ಒಬ್ಬರು "ಕ್ರಿಸ್ತೋಸ್ ಅನೆಸ್ತಿ" ಎನ್ನಬೇಕು, ಇನ್ನೊಬ್ಬರು "ಅಲಿಥೋಸ್ ಅನೆಸ್ತಿ" ಎನ್ನಬೇಕು. ಕ್ರಿಸ್ತರು ಪುನರುತ್ಥಾನರಾದರು, ನಿಜವಾಗಿಯೂ ಪುನರುತ್ಥಾನರಾದರು. ಸೀಳುವ ಚಿಪ್ಪು ತೆರೆದ ಸಮಾಧಿ. ಒಡೆಯದೆ ಉಳಿದ ಮೊಟ್ಟೆಯವರಿಗೆ ವರ್ಷವೆಲ್ಲ ಅದೃಷ್ಟವೆನ್ನುತ್ತಾರೆ. ನನ್ನದು ಮೊದಲ ಏಟಿಗೇ ಹೋಯಿತು.

ಸುಲಿದಾಗ ಒಳಗೆ ಅಪ್ಪಟ ಬಿಳಿ. ಆಗ ಅಜ್ಜಿ ಫ್ರಿಜ್ಜಿನಿಂದ ಇನ್ನೊಂದು ತಟ್ಟೆ ತಂದರು: ಗುರುವಾರ ನಾನು ಕೆಡಿಸಿದ ಮೂರು ಮೊಟ್ಟೆಗಳು. ಅವನ್ನು ಸುಲಿದರೆ, ಬಿರುಕಿನ ಗುಂಟ ಬಣ್ಣ ಒಳಗಿಳಿದು, ಬಿಳಿಯ ಮೇಲೆಲ್ಲ ಕೆಂಪು ಎಳೆಗಳು ಕವಲೊಡೆದು ಹರಡಿದ್ದವು. ಅಜ್ಜಿ ಅವನ್ನು ದೀಪದ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದರು, ಶಿಲುಬೆಯ ಗುರುತು ಮಾಡಿಕೊಂಡರು, ಮತ್ತೆ ನನ್ನ ಕಡೆ ತಿರುಗಿ ಉಪ್ಪಿನ ಬಟ್ಟಲು ಎಲ್ಲಿ ಎಂದು ಕೇಳಿದರು.